ಗಡಿ ದಾಟಿದ ಮಣ್ಣು

ನಾನು ಬೆಟ್ಟದಪುರದ ಕಡೆ ಪಂಚಾಯಿತಿ ಕಾರ್ಯದರ್ಶಿಯಾಗಿದ್ದಾಗ ಪುಟ್ಟಮ್ಮ ಎಂಬುವರು ಒಂದು ದೂರು ತಂದರು. ಪಕ್ಕದ ಸಿದ್ದೇಗೌಡರು ಹೊಸ ಮನೆಗೆ ಪಾಯ ತೋಡಿ, ಆ ಮಣ್ಣನ್ನೆಲ್ಲ ಇವರ ತಂಬಾಕು ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಬ್ಯಾರನ್ನಿನ ಮಣ್ಣುಗೋಡೆಗೆ ಒರಗಿಸಿ ರಾಶಿ ಹಾಕಿದ್ದರು. ಮಳೆಗೆ ನೆನೆದು ಗೋಡೆ ಕುಸಿದರೆ ಆ ವರ್ಷದ ಸೊಪ್ಪೆಲ್ಲ ಹೋದಂತೆಯೇ.

"ಮಣ್ಣು ನಂದು ಸಾ, ಮಳೆ ದೇವ್ರುದು. ನೋಟೀಸು ಯಾರ್ಗೆ ಕೊಡ್ತೀರಿ?" ಎಂದರು ಗೌಡರು.

ದೇವರ ವಿಳಾಸ ಕಚೇರಿಯಲ್ಲಿರಲಿಲ್ಲವಾಗಿ ಗೌಡರಿಗೇ ಕೊಟ್ಟೆ. ಅಗೆದ ಮಣ್ಣಾಗಲಿ ನೀರಾಗಲಿ ನೆರೆಯವರ ಗಡಿ ದಾಟಕೂಡದು, ಎಂಟು ದಿನದೊಳಗೆ ರಾಶಿ ತೆಗೆಯಬೇಕು ಎಂದು ಬರೆದಿದ್ದೆ. ಮಳೆಗಾಲದಲ್ಲಿ ಎಂಟು ದಿನ ಕೊಡುವುದು ಔದಾರ್ಯವೆಂದು ಆಗ ನಂಬಿದ್ದೆ.

ಮೂರನೆಯ ದಿನವೇ ಜೋರು ಮಳೆಯಾಗಿ ರಾಶಿಯೆಲ್ಲ ಪುಟ್ಟಮ್ಮನ ಅಂಗಳಕ್ಕೆ ಹರಿಯಿತು. ಸುದ್ದಿ ಕೇಳಿ ಓಡಿದೆ. ಗೋಡೆ ನಿಂತಿತ್ತು. ಪುಟ್ಟಮ್ಮ ಆ ಮಣ್ಣನ್ನೇ ಬಾಚಿ, ನೀರು ಬರದಂತೆ ಬ್ಯಾರನ್ನಿನ ಸುತ್ತ ಮೊಣಕಾಲೆತ್ತರ ಏರಿ ಕಟ್ಟಿ, ದಿಮ್ಮಸು ಹೊಡೆದು ಗಟ್ಟಿ ಮಾಡುತ್ತಿದ್ದರು.

"ಪಾಯ ತುಂಬೋಕೆ ಇಟ್ಟಿದ್ದ ಮಣ್ಣು ಕಣಮ್ಮೋ, ವಾಪಸ್ ಕೊಡು" ಎಂದು ಗೌಡರು ಬೇಲಿಯಾಚೆ ನಿಂತು ಕೇಳುತ್ತಿದ್ದರು.

ಪುಟ್ಟಮ್ಮ ದಿಮ್ಮಸು ನಿಲ್ಲಿಸಲಿಲ್ಲ. "ಮಣ್ಣು ಗಡಿ ದಾಟ್ಬಾರ್ದು ಅಂತ ಇವ್ರೇ ಬರ್ದವ್ರೆ ಗೌಡ್ರೇ. ಒಂದ್ಸಲ ದಾಟಿದ್ದೇ ತಪ್ಪು. ಇನ್ನೊಂದ್ಸಲ ನಾನು ದಾಟ್ಸೋಕಿಲ್ಲ ಬುಡಿ."

ಗೌಡರು ನನ್ನತ್ತ ತಿರುಗಿದರು. ನನ್ನ ನೋಟೀಸಿನಲ್ಲಿ ಆಕೆಗೆ ವಿರುದ್ಧವಾದ ಒಂದಕ್ಷರವೂ ಇರಲಿಲ್ಲ.

ಗಡುವಿಗೆ ಐದು ದಿನ ಮೊದಲೇ ರಾಶಿ ತೆರವಾಗಿದೆ ಎಂದು ವರದಿ ಬರೆದೆ. ತೆರವು ಮಾಡಿದ್ದು ಯಾರು ಎಂದು ಕೇಳುವ ಕಾಲಂ ಆ ನಮೂನೆಯಲ್ಲಿರಲಿಲ್ಲ.