ನಮ್ಮ ಕಡೆಯ ಬೇಲಿ

ಪಕ್ಕದ ಮನೆಯ ಆಂಟಿಯ ಎಡಗೈ ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗುರುತೊಂದಿತ್ತು. ಮಾತಾಡುವಾಗ ಅದನ್ನೇ ಉಜ್ಜುತ್ತಿದ್ದರು. ಧಾರವಾಡದ ಈ ಡಾಕ್ಟರು ಹರೆಯದಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಕೆಲಸಕ್ಕಿದ್ದಾಗ ಬೇಲಿ ಮಲಗಿಸುವ ಹುಚ್ಚು ಹತ್ತಿಸಿಕೊಂಡಿದ್ದರು, ಗಾಯ ಆಗಿನದು. ಬೇಲಿಯ ಗಿಡವನ್ನು ಬುಡದಲ್ಲಿ ಮುಕ್ಕಾಲು ಕಡಿದು ಓರೆಯಾಗಿ ಬಾಗಿಸಿಬಿಡುವುದು. ಗಿಡ ಸಾಯುವುದಿಲ್ಲ, ಬುಡದಿಂದ ಚಿಗುರಿ ದಟ್ಟವಾಗುತ್ತದೆ.

ಈ ಪರದೇಶದ ಟ್ರುಗನಿನಾ ಬಡಾವಣೆಯಲ್ಲಿ ನಮ್ಮಿಬ್ಬರ ಮನೆಗಳ ನಡುವಿನ ಹಲಗೆ ಬೇಲಿ ಗಾಳಿಗೆ ಬಿತ್ತು. ತಗಡಿನ ಬೇಲಿ ಹಾಕಿಸೋಣವೆಂದು ನಾವು ಹೊರಟರೆ ಆಂಟಿ ಅಡ್ಡ ಬಂದರು. "ತಗಡು ಹಾಕಿದ್ರ ನಿನ್ನ ಮಾರಿ ನಾ ಹ್ಯಾಂಗ ನೋಡ್ಲಿ? ಗಿಡಾ ಹಚ್ಚೋಣು."

ಕಣಗಿಲೆ ಹಾಕೋಣ ಅಂದೆ. ಬೇಲಿ ಅಂದರೂ ನಮಗೆ ಮೊದಲು ನೆನಪಾಗುವುದು ಪೂಜೆಯ ಹೂವೇ, ಏನು ಮಾಡುವುದು!

"ಹುಚ್ಚೀ! ಎಲಿ, ಹೂವು, ಎಲ್ಲಾ ವಿಷ. ನಿನ್ನ ಮನ್ಯಾಗ ಸಣ್ಣ ಕೂಸು ಅದ. ದೇವರು ನಿನ್ನ ಕಣಗಿಲಿಗೆ ಕಾಯ್ಕೋತ ಕೂತಾನೇನು?"

ನರ್ಸರಿಯಲ್ಲಿ ಒಂದೊಂದು ಗಿಡದ ಕೊಂಬೆಯನ್ನೂ ಬಾಗಿಸಿ ನೋಡಿದರು. ಪಟ್ಟನೆ ಮುರಿದದ್ದಕ್ಕೆ ಅಂಗಡಿಯವನಿಗೆ ಸಾರಿ ಹೇಳಿ ಮುಂದಕ್ಕೆ ಹೋದರು. ಅವರಿಗೆ ಇಷ್ಟವಾದ ಇಂಗ್ಲೆಂಡಿನ ಹಾಥಾರ್ನ್ ಮುಳ್ಳುಗಿಡ ಇಲ್ಲಿ ಕಳೆಯಂತೆ, ನೆಡುವ ಹಾಗಿಲ್ಲ. ಕೊನೆಗೆ ದಾಳಿಂಬೆಯನ್ನೂ ನಮ್ಮೂರ ಬೇಲಿಗಳಲ್ಲಿ ಬೆಳೆಯುವ ಲಕ್ಕಿಗಿಡದ ದಾಯಾದಿಯೊಂದನ್ನೂ ಆರಿಸಿದರು. "ಕಡದ್ರೂ ಚಿಗೀಬೇಕು, ಬಾಗಿಸಿದ್ರ ಬಾಗಬೇಕು. ಇಷ್ಟ ನೋಡು."

ನೆಡುವಾಗ ಮಾತ್ರ ಹಟ ಹಿಡಿದರು: ಎಲ್ಲ ಗಿಡಗಳೂ ನಮ್ಮ ಹಿತ್ತಲಿನ ಒಳಗೇ ಇರಬೇಕು, ಗಡಿಯ ಮೇಲೆ ಒಂದೂ ಬೇಡ.

"ಗಿಡ ನಿಮ್ಮ ಇಷ್ಟದ್ದು, ಜಾಗ ನಮ್ದು. ಚೆನ್ನಾಗಿದೆ ಆಂಟಿ ನಿಮ್ಮ ನ್ಯಾಯ!" ಅಂದೆ, ಸ್ವಲ್ಪ ಸಿಟ್ಟಿನಿಂದಲೇ.

"ಇರ್ಲಿ ತಗೋ, ನಿನಗ ಬೇಕಾಗ್ತದ," ಎಂದು ನಕ್ಕರು.

ಗಿಡಗಳು ಎದೆಯೆತ್ತರ ದಾಟಿದ ಮೇಲೆ, ಒಂದು ಚಳಿಗಾಲ ಎಲೆ ಉದುರಿದಾಗ ಮಚ್ಚು ಹಿಡಿದು ಬಂದರು. ಬಹಳ ಇಳಿದುಹೋಗಿದ್ದರು. ಮೊದಲ ದಾಳಿಂಬೆ ಮಲಗಿದ್ದೇ ತಡ ನನ್ನ ಮಗಳು "ಅಜ್ಜೀ, ಯೂ ಬ್ರೋಕ್ ಇಟ್!" ಎಂದು ಅತ್ತೇಬಿಟ್ಟಳು. ಆಂಟಿ ಅವಳ ಬೆರಳು ಹಿಡಿದು, ಕಡಿಯದೆ ಉಳಿಸಿದ ತೊಗಟೆಯನ್ನು ಮುಟ್ಟಿಸಿದರು. "ಇಷ್ಟು ಬಿಟ್ಟೀನಿ ನೋಡವ್ವಾ. ಇಷ್ಟ ಸಾಕು ಅದಕ್ಕ." ಅರ್ಧ ಬೇಲಿ ಆಗುವಷ್ಟರಲ್ಲಿ ಉಸಿರು ಕಟ್ಟಿ ಕೂತುಬಿಟ್ಟರು. ಉಳಿದರ್ಧವನ್ನು ಮುಂದಿನ ವರ್ಷ ಮಾಡೋಣ ಅಂದರು. ವಸಂತ ಬರುವ ಮೊದಲೇ ಹೋದರು.

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ಅವರ ಮಗ ಮನೆ ಮಾರಿದ. ಕೊಂಡವರು ಬಂದವರೇ, ತಗಡು ಹಾಕಬೇಕು, ಗಡಿಯಲ್ಲಿರುವ ಗಿಡಗಳನ್ನೆಲ್ಲ ಕಿತ್ತುಹಾಕುತ್ತೇವೆ ಅಂದರು. ಮೊದಲು ಗಡಿ ಅಳೆಸೋಣ ಅಂದೆ. ಅಳೆಯುವವನು ಬಂದು ಗೂಟ ಹೊಡೆದು ದಾರ ಎಳೆದ. ಒಂದೇ ಒಂದು ಗಿಡವೂ ದಾರದ ಆಚೆ ಇರಲಿಲ್ಲ.

ಆಂಟಿಯ ಮಗನಿಗೆ ಫೋನ್ ಮಾಡಿ ಹೇಳಿದೆ. "ಗಿಡ ಹಚ್ಚೋಕಿಂತ ಮೊದ್ಲೇ ಗುಣಾ ಆಗದ ಜಡ್ಡು ಅಂತ ಅಮ್ಮಗ ರಿಪೋರ್ಟ್ ಬಂದಿತ್ತು ಅಕ್ಕಾ. ಯಾರಿಗೂ ಹೇಳಬ್ಯಾಡ ಅಂದಿದ್ರು."

ಅಯ್ಯೋ, ನ್ಯಾಯದ ಮಾತಾಡಿದ್ದೆನಲ್ಲ ನಾನು!

ಆಚೆ ಈಗ ತಗಡು ನಿಂತಿದೆ. ಈಚೆ ಆಂಟಿ ಮಲಗಿಸಿದ ಅರ್ಧ ದಟ್ಟವಾಗಿ ಚಿಗುರಿದೆ. ಇನ್ನರ್ಧ ಹಾಗೇ ನೆಟ್ಟಗಿದೆ. ಎಲೆ ಉದುರಿದೆ, ಮಚ್ಚು ಮಸೆದಿಟ್ಟಿದ್ದೇನೆ. ತೊಗಟೆ ಎಷ್ಟು ಉಳಿಸಬೇಕೆಂದು ಮಗಳನ್ನೇ ಕೇಳಬೇಕು, ಮುಟ್ಟಿ ನೋಡಿದವಳು ಅವಳು.