ರಂಗೋಲಿ ಇಲ್ಲದ ಹೊಸ್ತಿಲು

ಚಿತ್ರದುರ್ಗದ ನನ್ನ ಬಾಡಿಗೆ ಮನೆಯ ಕೆಳಗೆ ಬೆಳಗಾಗುತ್ತಲೇ ಯಾರೋ ಬಾಗಿಲ ಮುಂದೆ ನೀರು ಎರಚುತ್ತಾರೆ. ಆ ಸಪ್ಪಳಕ್ಕೆ, ಒಣ ನೆಲದಿಂದ ಏಳುವ ಆ ವಾಸನೆಗೆ ನಮ್ಮ ಹಳ್ಳಿ ಬಿ.ದುರ್ಗದ ಮನೆ ನೆನಪಾಗುತ್ತದೆ. ಅದರ ಬೆನ್ನಿಗೇ ರಕ್ತದ ವಾಸನೆ. ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಲೇಬೇಕು. ಪುರಾವೆಯಿಲ್ಲದೆ ಯಾವುದನ್ನೂ ಒಪ್ಪದವಳು ನಾನೂ.

ಆ ಮನೆಯನ್ನು ಕಾಯುತ್ತಿದ್ದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಬೆಡ್‌ಶೀಟ್ ಮಾರುವವರು, ಮಿಕ್ಸಿ ರಿಪೇರಿಯವರು ಬಂದರೆ ಅವಳು ಸರಕು ನೋಡುತ್ತಿರಲಿಲ್ಲ, ಅವರ ಕಣ್ಣು ನೋಡುತ್ತಿದ್ದಳು. "ಮಿಕ್ಸಿ ಮಾಡೋಕೆ ಬಂದೋನು ಅಟ್ಟ ಯಾಕೆ ನೋಡ್ಬೇಕು, ಹೇಳು?" ಎನ್ನುವಳು. ಅನುಮಾನ ಬಂತೋ, ಒಳಕ್ಕೆ ತಿರುಗಿ, "ಲೇ ಬಸಣ್ಣ, ಎದ್ದೇಳೋ, ಎಷ್ಟೊತ್ತು ಮಲಗ್ತೀಯ!" ಎಂದು ಕೂಗುವಳು. ನಮ್ಮ ಮನೆಯಲ್ಲಿ ಬಸಣ್ಣ ಎಂಬುವವನೇ ಇರಲಿಲ್ಲ. ಎಲ್ಲರೂ ಊರಿಗೆ ಹೊರಟರೆ ಪಕ್ಕದ ಮನೆಯ ಗೌರಕ್ಕನ ಕೈಗೆ ರಂಗೋಲಿ ಡಬ್ಬಿ ಕೊಟ್ಟು, ದಿನಾ ನೀರು ಹಾಕಿ ನಾಲ್ಕು ಎಳೆ ಬಿಡಬೇಕೆಂದು ಹೇಳಿ ಹೋಗುತ್ತಿದ್ದಳು. ಹೊಂಚುವವನು ಬೀಗಕ್ಕಿಂತ ಮೊದಲು ಹೊಸ್ತಿಲು ನೋಡುತ್ತಾನೆ ಎಂಬುದು ಅವಳ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂತೆಂಥ ವಾದಗಳನ್ನೋ ಮುರಿದಿದ್ದೇನೆ, ಇದನ್ನು ಮುರಿಯಲಾರೆ.

ಅಜ್ಜ ತೀರಿಕೊಂಡಾಗ ಅವಳೇ ಅದನ್ನು ಮರೆತಳು. ಸಾವಾದ ಮನೆಯ ಮುಂದೆ ಕಾರ್ಯ ಮುಗಿಯುವವರೆಗೆ ರಂಗೋಲಿ ಹಾಕುವಂತಿಲ್ಲ. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನಾನು ಬಿಡಲಿಲ್ಲ. "ನಮ್ಮೋರಿಗೆ ಸೂತಕಾನೇ ಇಲ್ಲ ಅಂತ ಮಠದಾಗೆ ಸ್ವಾಮಿಗಳು ಭಾಷಣ ಮಾಡಿದ್ರಲ್ಲ ದೊಡ್ಡವ್ವ?"

"ಭಾಷಣ ಮಠದಾಗೇ ಇರ್ಲಿ. ಸತ್ತಿರೋದು ನಮ್ಮ ಮನೇಲಿ. ಸುಮ್ನೆ ಕುಂತ್ಕ."

ಸಮಾಧಿಗೆ ಹಾಲು ಎರೆಯಲು ಎಲ್ಲರೂ ಹೊಲಕ್ಕೆ ಹೋದ ಮಧ್ಯಾಹ್ನ ನನಗೆ ಜ್ವರ. ದೊಡ್ಡವ್ವ ಜೊತೆಗೆ ಉಳಿದಳು. ನಾಯಿ ನುಗ್ಗೀತೆಂದು ಹೋದವರು ಮುಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದರು. ಹಿತ್ತಿಲ ಬಾಗಿಲು ಮುರಿದ ಸದ್ದಿಗೆ ನಾವು ಎದ್ದು ಕೂತಾಗ ಇಬ್ಬರು ಗಂಡಸರು ಅಡುಗೆಮನೆ ದಾಟಿ ಬಂದಿದ್ದರು. ನಮ್ಮನ್ನು ಕಂಡು ಅವರೇ ಬೆಚ್ಚಿದರು. ದೊಡ್ಡವ್ವ ಈಳಿಗೆ ಮಣೆ ಎತ್ತಿ ಮುಂದಿದ್ದವನ ಮೊಣಕಾಲಿಗೆ ಬೀಸಿದಳು. ಅವನು ಕಬ್ಬಿಣದ ರಾಡಿನಿಂದ ಅವಳ ತಲೆಗೆ ಹೊಡೆದ. ತೆಂಗಿನಕಾಯಿ ಒಡೆದಂಥ ಆ ಸದ್ದು ಈಗಲೂ ನನ್ನ ಹಲ್ಲಿನಲ್ಲಿದೆ. ಬಿದ್ದವಳು ಅವನ ಕಾಲು ಹಿಡಿದು ಮೀನಖಂಡಕ್ಕೆ ಬಾಯಿ ಹಾಕಿದಳು. ಅವನು ಹೊಡೆದಷ್ಟೂ ಕಚ್ಚಿದಳು. ಇನ್ನೊಬ್ಬ ಗೋಡೆ ಹಾರಿ ಓಡಿದ. ನಾನು ಕಿಟಕಿಗೆ ಮುಖವಿಟ್ಟು ಕಿರುಚಿದೆ.

ಕೂಗು ಕೇಳಿ ಹೊಲದಿಂದ ಓಡಿಬಂದವರು ಸಿಕ್ಕವನನ್ನು ಲೈಟು ಕಂಬಕ್ಕೆ ಬಿಗಿದರು. ಇರುವೆ ಕಂಡರೆ ದಾಟಿ ನಡೆಯುತ್ತಿದ್ದ ದೊಡ್ಡಪ್ಪ, ಅದೇ ರಾಡಿನಿಂದ ಅವನ ಕೈ ಮುರಿದ. ಯಾರೋ ಮೊಬೈಲು ಎತ್ತಿ ವಿಡಿಯೊ ಮಾಡುತ್ತಿದ್ದರು. ಕಾರು ಬರುವವರೆಗೆ ದೊಡ್ಡವ್ವನನ್ನು ಕಟ್ಟೆಗೆ ಒರಗಿಸಿದ್ದರು; ತಲೆಗೆ ಸುತ್ತಿದ ಟವೆಲ್ಲು ಕೆಂಪಾಗಿತ್ತು.

"ಬಿಡ್ರಿ, ಸತ್ತಾನು," ಎಂದಳು. ಆಮೇಲೆ ಅವನಿಗೆ: "ನೀನು ಬೆಡ್‌ಶೀಟ್‌ನೋನಲ್ವೇನೋ? ಕುಡಿಯೋಕೆ ಮಜ್ಜಿಗೆ ಕೊಟ್ಟಿದ್ನಲ್ಲೋ. ಇಲ್ಲಿ ಜನ ಅವ್ರೆ ಅಂತ ಗೊತ್ತಿರ್ಲಿಲ್ವಾ?"

"ದಿನಾ ಬೆಳಿಗ್ಗೆ ನೋಡ್ಕಂಡು ಹೋದೆ ಅಮ್ಮ. ರಂಗೋಲಿ ಇರ್ಲಿಲ್ಲ. ಊರು ಬಿಟ್ಟಿದ್ದೀರ ಅಂದ್ಕಂಡೆ."

ದೊಡ್ಡವ್ವ ನನ್ನತ್ತ ನೋಡಿದಳು. "ನೀನೇ ಗೆದ್ದೆ ಕಣೆ," ಎಂದಳು.

ಗೆದ್ದೆನೆಂದು ಯಾರಿಗಾದರೂ ಅನಿಸುತ್ತದೆಯೇ? ಚಿತ್ರದುರ್ಗದ ಆಸ್ಪತ್ರೆ ತಲುಪುವ ಮೊದಲೇ ಅವಳ ಮಾತು ನಿಂತಿತ್ತು, ಮರುದಿನ ಉಸಿರೂ. ಅವನು ಕೊಲ್ಲಲು ಬಂದವನಲ್ಲ, ಖಾಲಿ ಮನೆಗೆ ಬಂದವನು ಎಂದು ಆಮೇಲೆ ಒಮ್ಮೆ ಮನೆಯಲ್ಲಿ ಹೇಳಿದೆ. ದೊಡ್ಡಪ್ಪ ತಟ್ಟೆ ಬಿಟ್ಟು ಎದ್ದುಹೋದ. ನಾನು ಹೇಳಿದ್ದು ನಿಜವೇ. ನಿಜದಿಂದ ಆ ಮನೆಯಲ್ಲಿ ಯಾರಿಗೂ ಏನೂ ಆಗಬೇಕಿರಲಿಲ್ಲ. ವರ್ಷ ತುಂಬುವಷ್ಟರಲ್ಲಿ ಒಬ್ಬೊಬ್ಬರಾಗಿ ಹೊಸದುರ್ಗ, ಹಿರಿಯೂರು ಎಂದು ಚದುರಿಹೋದೆವು.

ಅವಳ ಹೆಣವನ್ನು ಮನೆಗೆ ತಂದ ದಿನ ಬಾಗಿಲುಗಳನ್ನೆಲ್ಲ ಹಾರುಹೊಡೆದಿದ್ದರು. ಊರು ಒಳಗೆ ಬಂತು. ಗುರುತಿಲ್ಲದವರೂ ಬಂದು ಕೈಮುಗಿದು ನಡುಮನೆ, ಅಡುಗೆಮನೆ ಎಲ್ಲ ಓಡಾಡಿದರು. ಯಾರು ಬಂದರು, ಯಾರ ಕಣ್ಣು ಎತ್ತ ಹೋಯಿತು ಎಂದು ನೋಡುವವರು ಇರಲಿಲ್ಲ.