ಅಕ್ಕ ಗೆದ್ದ ಆಟ

ರೈಲಿನಲ್ಲಿ ಪಕ್ಕದಲ್ಲಿ ಕುಳಿತವರು ನೋವಿನ ಮುಲಾಮಿನ ಡಬ್ಬಿ ತೆರೆದರೆ ನಾನು ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತೇನೆ. ಆ ಘಾಟು ಮೂಗಿಗೆ ತಾಗಿದ್ದೇ ತಡ, ವಿಶಾಖಪಟ್ಟಣದ ನಮ್ಮ ಬಾಡಿಗೆ ಮನೆಯ ನಡುಕೋಣೆ ಕಣ್ಣೆದುರು ಬಂದು ನಿಲ್ಲುತ್ತದೆ. ದ್ವಾರಕಾ ನಗರದ ಅಂಗಡಿಸಾಲಿನ ಹಿಂದೆ ಒಂದು ಓಣಿ, ಓಣಿಯ ಕೊನೆಗೆ ರತ್ನಮ್ಮಗಾರು ಅನ್ನುವವರ ಹಳೆಯ ಮನೆ, ಅದರ ಮೇಲಿನ ಮಹಡಿ ನಮ್ಮದು. ಸಮುದ್ರದ ತೇವಕ್ಕೆ ಬಾಗಿಲುಗಳು ಉಬ್ಬಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ಭರಣಿಯೊಳಗಿನ ಉಪ್ಪು ಮಳೆಗಾಲದಲ್ಲಿ ನೀರಾಡುತ್ತಿತ್ತು. ಸಂಜೆ ಅವ್ವ ಜೋಳದ ರೊಟ್ಟಿ ಬಡಿಯತೊಡಗಿದರೆ ಆ ಸದ್ದು ಕೆಳಗಿನ ಮನೆಗೂ ಕೇಳುತ್ತಿತ್ತು. ನಾವು ಹೊಸದಾಗಿ ಬಂದಾಗ ರತ್ನಮ್ಮಗಾರು ಗಾಬರಿಯಾಗಿ ಮೆಟ್ಟಿಲು ಹತ್ತಿ ಬಂದಿದ್ದರಂತೆ, ಯಾರೋ ಮಕ್ಕಳಿಗೆ ಹೊಡೆಯುತ್ತಿದ್ದಾರೆಂದು. ರೊಟ್ಟಿಯ ಸುಟ್ಟ ವಾಸನೆ, ಒಣಗದ ಬಟ್ಟೆಗಳ ಮುಗ್ಗಲು ವಾಸನೆ, ಇವೆರಡರ ನಡುವೆ ಅಕ್ಕನ ಮುಲಾಮಿನ ಘಾಟು. ಅವಳು ನೆಲದ ಮೇಲೆ ಕಾಲು ಚಾಚಿ ಕುಳಿತು ಮೊಣಕಾಲು, ಮೀನಖಂಡ, ಭುಜ ಎಲ್ಲಕ್ಕೂ ಹಚ್ಚಿಕೊಂಡು, ಕೈಗೆಟುಕದ ಬೆನ್ನನ್ನು ನನ್ನ ಕಡೆ ತಿರುಗಿಸುತ್ತಿದ್ದಳು. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಗೋಡೆಗಳು ನಿಮ್ಮವಲ್ಲ, ಒಳಗಿದ್ದವರು ಮಾತ್ರ ನಿಮ್ಮವರು. ಅಂಥ ಮನೆ ಹೋದರೆ ಹೋಗಿ ನೋಡುವುದಕ್ಕೆ ಒಂದು ಹಿಡಿ ಮಣ್ಣೂ ಉಳಿಯುವುದಿಲ್ಲ.

ನಾವು ಧಾರವಾಡದವರು. ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾದಲ್ಲೆಲ್ಲ ಪಾತ್ರೆ ಪಡಗ ಕಟ್ಟಿಕೊಂಡು ಹೋಗಿ, ಕೊನೆಗೆ ವಿಶಾಖಪಟ್ಟಣಕ್ಕೆ ಬಂದಾಗ ನಾನು ಇನ್ನೂ ಶಾಲೆಗೆ ಸೇರದ ಮಗು. ಹಾಗಾಗಿ ನನ್ನ ನಾಲಿಗೆಗೆ ತೆಲುಗೇ ಮೊದಲು ಒಲಿಯಿತು. ಮನೆಯೊಳಗೆ ತೆಲುಗು ಮಾತಾಡಿದರೆ ಅಪ್ಪ ಪೇಪರಿನ ಮರೆಯಿಂದ ತಲೆಯೆತ್ತಿ ನೋಡುತ್ತಿದ್ದರು, ಅಷ್ಟೇ, ಬೈಯುತ್ತಿರಲಿಲ್ಲ. ಅವರು ದನಿಯೇರಿಸಿದ್ದನ್ನು ನಾವು ಕೇಳಿದವರಲ್ಲ. ಊಟ ಚೆನ್ನಾಗಿದ್ದರೂ ಚೆನ್ನಾಗಿದೆ ಅನ್ನುವವರಲ್ಲ, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವವರು. ಅಕ್ಕ ಶೈಲಜಾ ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಅಪ್ಪನ ಎತ್ತರ, ಅಪ್ಪನದೇ ಮೌನ. ಆದರೆ ಓಡುವಾಗ ಅವಳು ಬೇರೆಯೇ ಆಗಿಬಿಡುತ್ತಿದ್ದಳು. ನೌಕಾದಳದಿಂದ ನಿವೃತ್ತರಾದ ಪೈಡಿರಾಜು ಮಾಸ್ಟಾರು ಊರಿನ ಹುಡುಗಿಯರನ್ನು ಸೇರಿಸಿ ರಗ್ಬಿ ತಂಡ ಕಟ್ಟುತ್ತಿದ್ದ ಕಾಲ ಅದು. ಶಾಲೆಯ ಓಟದ ಪಂದ್ಯದಲ್ಲಿ ಅಕ್ಕನನ್ನು ನೋಡಿದವರೇ ಮರುದಿನ ಮನೆಗೆ ಬಂದು, ಅಪ್ಪನೆದುರು ಸೆಟೆದು ನಿಂತು, ನಿಮ್ಮ ಅಮ್ಮಾಯಿಯನ್ನು ನನಗೆ ಕೊಡಿ ಸಾರ್ ಅಂದರು. ಅವ್ವ ಒಳಗಿನಿಂದ ಹೆಣ್ಣು ಕೇಳಲು ಬಂದರೆಂದು ತಿಳಿದು ಸೆರಗು ಸರಿಮಾಡಿಕೊಂಡು ಹೊರಗೆ ಬಂದಿದ್ದಳು.

ರಗ್ಬಿ ಎಂದರೇನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚೆಂಡು ದುಂಡಗಿಲ್ಲ, ಪಪ್ಪಾಯಿಯ ಹಾಗೆ ಉದ್ದ. ಅದನ್ನು ಎದೆಗವಚಿಕೊಂಡು ಓಡಬೇಕು, ಕೈಯಿಂದ ಕೊಡುವುದಾದರೆ ಹಿಂದೆ ಬರುವವರಿಗೇ ಕೊಡಬೇಕು, ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಗಳು ಸೊಂಟಕ್ಕೆ, ಕಾಲಿಗೆ ಬಿದ್ದು ಕೆಡವುತ್ತಾರೆ. ಎಲ್ಲರನ್ನೂ ದಾಟಿ ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ. ಅಕ್ಕ ಅಡುಗೆಮನೆಯಲ್ಲಿ ತೆಂಗಿನಕಾಯಿ ಹಿಡಿದು ಇದನ್ನೆಲ್ಲ ತೋರಿಸುವಾಗ ಅವ್ವ ನಗುತ್ತಿದ್ದಳು. ಅಪ್ಪ ನಗಲಿಲ್ಲ. ಹಲ್ಲು ಮುರಿದರೆ, ಕೈ ಮುರಿದರೆ ಯಾರು ಹೊಣೆ ಎಂಬುದು ಅವರ ಚಿಂತೆ. ಬೇಡ ಎನ್ನಲಿಲ್ಲ, ಒಂದು ದಿನವೂ ಆಟ ನೋಡಲು ಹೋಗಲೂ ಇಲ್ಲ.

ಅಕ್ಕ ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಮೊದಲ ವರ್ಷಕ್ಕೆ ಸೇರಿದಾಗ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಯಿತು. ನಮ್ಮ ಓದು ನಡುವೆ ಕೆಡಬಾರದೆಂದು ಬೇಸಿಗೆ ರಜೆಯವರೆಗೆ ಅವರೊಬ್ಬರೇ ಅಲ್ಲಿರುವುದು, ಆಮೇಲೆ ನಾವೆಲ್ಲ ಹೋಗಿ ಸೇರುವುದು ಎಂದಾಯಿತು. ಗವರ್ನರ್‌ಪೇಟೆಯಲ್ಲಿ ಒಂದು ಮೆಸ್ಸಿನ ಮೇಲಿನ ಕೋಣೆ ಹಿಡಿದರು. ಶನಿವಾರ ಬರುವುದು, ಭಾನುವಾರ ಸಂಜೆ ಹೊರಡುವುದು. ಬಂದಾಗಲೆಲ್ಲ ಅಲ್ಲಿ ನೋಡಿದ ಮನೆಗಳ ಸುದ್ದಿ ಹೇಳುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಒಂದು ಮನೆ ಗೊತ್ತಾಯಿತು. ಹಿತ್ತಲಲ್ಲಿ ನುಗ್ಗೆಗಿಡ ಇದೆ ಅಂದಾಗ ಅವ್ವನ ಮುಖ ಅರಳಿತು. ಅಕ್ಕ ಎದ್ದು ಮಹಡಿಯ ಕಟ್ಟೆಯ ಹತ್ತಿರ ಹೋಗಿ ನಿಂತಳು. ವಿಜಯವಾಡದ ತಂಡ ನಮ್ಮೂರಿಗೆ ಆಡಲು ಬರುವುದಿತ್ತು. ಅದೇ ನಿನ್ನ ಕೊನೆಯ ಆಟ ಅಂದುಕೋ, ಮುಂದೆ ಓದಿನ ಕಡೆ ಲಕ್ಷ್ಯ ಇರಲಿ ಎಂದು ಅಪ್ಪ ಮೆತ್ತಗೆ ಹೇಳಿದರು. ಅಕ್ಕ ಹೂಂ ಅಂದಳು. ಅವಳು ವಾದಿಸಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತೋ ಏನೋ. ಆ ಹೂಂ ಅವರನ್ನು ಕೊರೆದಿರಬೇಕು. ಆಟದ ದಿನ ಅವರು ರೈಲಿಳಿದು ಮನೆಗೆ ಬಾರದೆ ನೇರ ಮೈದಾನಕ್ಕೇ ಬಂದರು.

ಬಂದದ್ದು ಎದುರಾಳಿಗಳ ಜೊತೆ. ರೈಲಿನ ಅದೇ ಡಬ್ಬಿಯಲ್ಲಿ ವಿಜಯವಾಡದ ಹುಡುಗಿಯರೆಲ್ಲ ಕುಳಿತಿದ್ದರಂತೆ, ಹಸಿದಿದ್ದರಂತೆ. ಅಪ್ಪ ದಾರಿಯಲ್ಲಿ ಎಲ್ಲರಿಗೂ ಬಾಳೆಹಣ್ಣು ಕೊಡಿಸಿದ್ದರು. ತಮ್ಮ ಮಗಳೇ ವಿಶಾಖಪಟ್ಟಣದ ತಂಡದ ನಾಯಕಿ ಎಂದು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಬ್ಯಾಂಕಿಗೆ ಹೋಗುವ ಪ್ಯಾಂಟು, ಇಸ್ತ್ರಿಯ ಅಂಗಿ, ಕೈಯಲ್ಲಿ ಚೀಲ. ಆ ಕೆಮ್ಮಣ್ಣಿನ ಮೈದಾನದ ಅಂಚಿಗೆ ನನ್ನ ಮತ್ತು ಅವ್ವನ ಪಕ್ಕ ಬಂದು ನಿಂತಾಗ, ಯಾರೋ ದೊಡ್ಡವರು ತಪಾಸಣೆಗೆ ಬಂದಂತೆ ಅನ್ನಿಸುತ್ತಿತ್ತು. ದೂರದಲ್ಲಿ ಗುಡ್ಡ, ಗುಡ್ಡದಾಚೆಯಿಂದ ಬೀಸುವ ಉಪ್ಪು ಗಾಳಿ, ಬಿಸಿಲು ಇನ್ನೂ ಎಳೆಯದು. ಏಳೇಳು ಮಂದಿಯ ಆಟ ಅದು, ಬೇಗ ಮುಗಿದುಹೋಗುತ್ತದೆ. ವಿಜಯವಾಡದ ಹುಡುಗಿಯರು ಗಟ್ಟಿಗಿತ್ತಿಯರು. ಮೊದಲರ್ಧದಲ್ಲಿ ನಮ್ಮವರನ್ನು ಒಬ್ಬೊಬ್ಬರನ್ನಾಗಿ ನೆಲಕ್ಕೆ ಕೆಡವಿ ಮುಂದೆ ಹೋದರು. ಅಕ್ಕ ಒಮ್ಮೆ ಎಷ್ಟು ಜೋರಾಗಿ ಬಿದ್ದಳೆಂದರೆ ಅವ್ವ ಕಣ್ಣು ಮುಚ್ಚಿಕೊಂಡಳು. ಅಪ್ಪ ಮುಚ್ಚಿಕೊಳ್ಳಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಅಕ್ಕ ಎದ್ದು, ಬಾಯಿಯ ಮಣ್ಣು ಉಗುಳಿ, ಬಿದ್ದಿದ್ದ ಎದುರಾಳಿಗೂ ಕೈಕೊಟ್ಟು ಎಬ್ಬಿಸಿದಾಗ, ಅಪ್ಪ ನನ್ನ ಕಡೆ ನೋಡಿದರು. ನೋಡಿದೆಯಾ ಎಂದು ಕೇಳಿದ ಹಾಗಿತ್ತು.

ಆಟ ಮುಗಿಯಲು ಬಂದಿತ್ತು, ನಾವು ಹಿಂದಿದ್ದೆವು. ನಮ್ಮ ಕಡೆಯ ಒಬ್ಬ ಹುಡುಗಿ ಬೀಳುತ್ತ ಬೀಳುತ್ತಲೇ ಚೆಂಡನ್ನು ಹಿಂದಕ್ಕೆ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಓಡಿದಳು. ಅವಳ ಓಟವನ್ನು ಹೇಗೆ ಹೇಳಲಿ? ಮನೆಯಲ್ಲಿ ಮೂಲೆ ಹಿಡಿದು ಕೂರುತ್ತಿದ್ದ ಹುಡುಗಿ ಇಡೀ ಮೈದಾನವನ್ನು ತನ್ನದು ಮಾಡಿಕೊಂಡು ಓಡಿದಳು. ಒಬ್ಬಳನ್ನು ತಪ್ಪಿಸಿದಳು, ಇನ್ನೊಬ್ಬಳನ್ನು ತಪ್ಪಿಸಿದಳು, ಮೂರನೆಯವಳು ಸೊಂಟಕ್ಕೆ ಜೋತುಬಿದ್ದಳು. ಅಕ್ಕ ಅವಳನ್ನೂ ಎಳೆದುಕೊಂಡು ಹೋದಳು. ಆಗ ನನ್ನ ತಲೆಯ ಮೇಲೆ ಒಂದು ದನಿ ಒಡೆಯಿತು.

“ಬಿಡಬ್ಯಾಡ ಶೈಲಾ! ಬಿಡಬ್ಯಾಡವಾ, ಬಿಡಬ್ಯಾಡ!”

ಅಪ್ಪ. ಚೀಲ ಎಲ್ಲೋ ಬಿದ್ದಿತ್ತು. ಸುತ್ತ ನಿಂತ ತೆಲುಗಿನ ಜನ ಇದು ಯಾವ ಭಾಷೆಯೆಂದು ತಿರುಗಿ ನೋಡಿದರು. ಗೆರೆಗೆ ಒಂದು ಮಾರು ದೂರದಲ್ಲಿ ಅಕ್ಕ ಬಿದ್ದಳು. ಬಿದ್ದವಳು ಮೈಯನ್ನು ಉದ್ದಕ್ಕೆ ಚಾಚಿ ಎರಡೂ ಕೈಯಿಂದ ಚೆಂಡನ್ನು ಗೆರೆಯಾಚೆ ಒತ್ತಿದಳು. ನಮ್ಮವರು ಗೆದ್ದರು. ಹುಡುಗಿಯರೆಲ್ಲ ಅವಳ ಮೇಲೆ ಬಿದ್ದರು. ಪೈಡಿರಾಜು ಮಾಸ್ಟಾರು ಮಗುವಿನ ಹಾಗೆ ಅಳುತ್ತಿದ್ದರು. ಮಣ್ಣು ಮೆತ್ತಿದ ಮುಖದಲ್ಲಿ ಬರೀ ಹಲ್ಲು ಕಾಣುವ ಹಾಗೆ ನಗುತ್ತ ಅಕ್ಕ ನಮ್ಮ ಕಡೆ ಬಂದಾಗ ಅಪ್ಪನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕರವಸ್ತ್ರ ತೆಗೆದು ಅವಳ ಕಿವಿಯ ಹಿಂದಿನ ಮಣ್ಣು ಒರೆಸಿದರು.

ಆ ಸಂಜೆ ಮಹಡಿಯ ಮೇಲೆ ಚಾಪೆ ಹಾಸಿ ಕುಳಿತಿದ್ದೆವು. ರತ್ನಮ್ಮಗಾರು ಪುಳಿಹೋರ ಕಳಿಸಿದ್ದರು. ರಾಜ್ಯ ತಂಡದ ಶಿಬಿರ ಈ ಊರಲ್ಲೇ ನಡೆಯುತ್ತದೆ, ಶೈಲಜಾ ಇಲ್ಲಿದ್ದರೆ ಖಂಡಿತ ಸೇರುತ್ತಾಳೆ ಎಂದು ಮಾಸ್ಟಾರು ಮೈದಾನದಲ್ಲೇ ಅಪ್ಪನಿಗೆ ಹೇಳಿದ್ದರು. ಈಗ ಅಪ್ಪ ಪುಳಿಹೋರದಲ್ಲಿನ ಕಡಲೆಬೀಜ ಆಯ್ದು ನನ್ನ ತಟ್ಟೆಗೆ ಹಾಕುತ್ತ ಹೇಳಿದರು.

“ಆ ಮನಿ ಬ್ಯಾಡಂತ ಹೇಳಿಬಿಡ್ತೀನಿ. ನೀವು ಮೂರೂ ಮಂದಿ ಇಲ್ಲೇ ಇರ್ರಿ. ಅಕಿ ಆಡಲಿ.”

ನಿಮ್ಮ ಊಟದ ಗತಿಯೇನು ಎಂದು ಅವ್ವ ಕೇಳಿದಳು. ಗವರ್ನರ್‌ಪೇಟೆಯಲ್ಲಿ ಊಟಕ್ಕೇನು ಬರ ಎಂದು ಅಪ್ಪ ನಕ್ಕರು. ಅಕ್ಕ ಅವರ ತಟ್ಟೆಗೆ ಮೊಸರು ಬಡಿಸಿದಳು. ನಮ್ಮ ಮನೆಯಲ್ಲಿ ಖುಷಿಗೆ ಇದಕ್ಕಿಂತ ಹೆಚ್ಚಿನ ಭಾಷೆ ಇರಲಿಲ್ಲ.

ಅದರ ನಂತರದ ತಿಂಗಳುಗಳಷ್ಟು ಬೆಳಕಾದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಅಪ್ಪ ವಾರ ವಾರ ಬರುತ್ತಿದ್ದರು, ಬಂದವರು ನೇರ ಮೈದಾನಕ್ಕೆ. ಆಟದ ನಿಯಮಗಳನ್ನೆಲ್ಲ ಕಲಿತು ರತ್ನಮ್ಮಗಾರಿಗೂ ವಿವರಿಸುತ್ತಿದ್ದರು. ಒಮ್ಮೆ ಮಂಗಳಗಿರಿಯಿಂದ ಅವ್ವನಿಗೆ ನೀಲಿ ಹತ್ತಿಸೀರೆ ತಂದರು. ಕೇಳದೆ ತಂದ ಮೊದಲ ಸೀರೆ ಅದು. ಬೇಸಿಗೆಯಲ್ಲಿ ಅಕ್ಕ ಶಿಬಿರ ಸೇರಿದಳು. ಮಳೆಗಾಲ ಕಳೆದ ಮೇಲೆ ತಂಡದ ಜೊತೆ ಹೊರರಾಜ್ಯಕ್ಕೆ ಹೋಗುವುದಿತ್ತು. ಅವಳ ಸಾಮಾನಿಗೆಂದು ಅಪ್ಪ ದೊಡ್ಡ ಚೀಲವೊಂದನ್ನು ಆಗಲೇ ನೋಡಿಟ್ಟಿದ್ದರು.

ಶ್ರಾವಣದ ಒಂದು ಬೆಳಗ್ಗೆ ವಿಜಯವಾಡದಿಂದ ಫೋನ್ ಬಂತು. ಅವ್ವ ಫೋನು ಕಿವಿಗೆ ಹಿಡಿದೇ ಗೋಡೆಗೊರಗಿ ಕುಸಿದಳು. ಅಕ್ಕ ಮೈದಾನದಲ್ಲಿದ್ದಳು, ರತ್ನಮ್ಮಗಾರು ಆಟೋ ಹಿಡಿದು ಹೋಗಿ ಕರೆತಂದರು. ಬೂಟಿಗೆ ಮೆತ್ತಿದ ಕೆಸರಿನ ಸಮೇತ ಅವಳು ನಮ್ಮ ಜೊತೆ ರೈಲು ಹತ್ತಿದಳು. ಮೆಸ್ಸಿನ ಮಾಲೀಕ ಸುಬ್ಬಾರಾವುಗಾರು ನಮ್ಮನ್ನು ಕಂಡು ಕೈಮುಗಿದು ನಿಂತರು. ಹಿಂದಿನ ಸಂಜೆ ಅಪ್ಪ ಎದೆಯುರಿ ಅಂದಿದ್ದರಂತೆ, ಗ್ಯಾಸು ಇರಬೇಕು ಎಂದು ಮಜ್ಜಿಗೆ ಕುಡಿದು ಮೇಲೆ ಹೋದರಂತೆ. ಬೆಳಗ್ಗೆ ಕಾಫಿಗೆ ಇಳಿಯದಿದ್ದಾಗ ಬಾಗಿಲು ಬಡಿದಿದ್ದಾರೆ. ಒಳಗಿನಿಂದ ಅಗುಳಿ ಹಾಕಿತ್ತು, ಒಡೆದು ನೋಡಿದ್ದಾರೆ. ಅಪ್ಪ ಮಂಚದ ಮೇಲಿರಲಿಲ್ಲ, ಬಾಗಿಲ ಹತ್ತಿರ ನೆಲದ ಮೇಲಿದ್ದರು.

ಅಕ್ಕ ತೆಲುಗಿನಲ್ಲಿ ಅವರನ್ನು ಒಂದೇ ಮಾತು ಕೇಳಿದಳು.

“ಎವರಿನೈನಾ ಪಿಲಿಚಾರಾ ಬಾಬಾಯಿಗಾರು?” ಅಪ್ಪ ಯಾರನ್ನಾದರೂ ಕೂಗಿ ಕರೆದರೇ ಎಂದು.

ಆ ಮನುಷ್ಯ ತಲೆ ತಗ್ಗಿಸಿದರು. ಕೆಳಗೆ ರಸ್ತೆಯಲ್ಲಿ ಗಾಡಿಗಳ ಗದ್ದಲ. ಅಲ್ಲಿ ಕೂಗಿದರೂ ಯಾರಿಗೂ ಕೇಳುವಂತಿರಲಿಲ್ಲ.

ಅಕ್ಕ ಮತ್ತೆ ಚೆಂಡು ಮುಟ್ಟಲಿಲ್ಲ. ಮಾಸ್ಟಾರು ಬಂದು ನಡುಕೋಣೆಯಲ್ಲಿ ಎಷ್ಟೋ ಹೊತ್ತು ಕುಳಿತು, ಚಹಾ ತಣ್ಣಗಾಗಲು ಬಿಟ್ಟು ಹೋದರು. ಹೋಗಿ ಆಡು, ಅವರಿಗೂ ಅದೇ ಬೇಕಾಗಿತ್ತು ಎಂದು ಅವ್ವ ಕೈಹಿಡಿದು ಬೇಡಿಕೊಂಡಳು. ಅಕ್ಕ ತನ್ನ ಬೂಟುಗಳನ್ನು ತೊಳೆದು ಒಣಗಿಸಿ ತಂಡದ ಸಣ್ಣ ಹುಡುಗಿಯೊಬ್ಬಳಿಗೆ ಕೊಟ್ಟುಬಂದಳು. ಇಂಟರ್ ಮುಗಿದು ಹದಿನೆಂಟು ತುಂಬಿದ ಮೇಲೆ ಅಪ್ಪನ ಬ್ಯಾಂಕಿನವರು ಅನುಕಂಪದ ಮೇಲೆ ಅವಳಿಗೆ ಕೆಲಸ ಕೊಟ್ಟರು, ವಿಜಯವಾಡದಲ್ಲೇ. ಮನೆ ಖಾಲಿ ಮಾಡುವ ದಿನ ರತ್ನಮ್ಮಗಾರು ಅವ್ವನ ರೊಟ್ಟಿಯ ಹಂಚನ್ನು ತಾವೇ ಹಳೆಯ ಬಟ್ಟೆಯಲ್ಲಿ ಸುತ್ತಿ ಲಾರಿಯವನ ಕೈಗೆ ಕೊಟ್ಟರು. ಓಣಿಯ ತಿರುವಿನವರೆಗೆ ನಾನು ಹಿಂದಿರುಗಿ ನೋಡುತ್ತಿದ್ದೆ. ಅಕ್ಕ ನೋಡಲಿಲ್ಲ. ಈಗ ಆ ಜಾಗದಲ್ಲಿ ಫ್ಲ್ಯಾಟುಗಳಿವೆ, ರತ್ನಮ್ಮಗಾರೂ ಇಲ್ಲ.

ಯಾಕೆ ಆಟ ಬಿಟ್ಟೆ ಎಂದು ನಾನು ಅವಳನ್ನು ಕೇಳಲಿಲ್ಲ. ದುಃಖಕ್ಕೆ ಬಿಟ್ಟಳು, ಸಂಸಾರದ ಭಾರಕ್ಕೆ ಬಿಟ್ಟಳು ಎಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ, ಹೋದ ಮಳೆಗಾಲದಲ್ಲಿ, ಅವ್ವ ವಿಜಯವಾಡದ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಾಗ ನಾನೂ ಹೋಗಿ ಇದ್ದೆ. ಒಂದು ಮಧ್ಯಾಹ್ನ ಮೂವರೇ ಇದ್ದೆವು. ಅಕ್ಕ ಅವ್ವನ ಕಾಲು ತಿಕ್ಕುತ್ತಿದ್ದಳು. ಅವ್ವನಿಗೆ ಹಳೆಯದೆಲ್ಲ ನೆನಪಾಗುತ್ತಿತ್ತು. ನೀ ಗೆದ್ದ ದಿನ ನಿಮ್ಮಪ್ಪ ಹೆಂಗ ಕೂಗಿದ್ರು ಎಂದು ನಗಲು ನೋಡಿದಳು. ಅಕ್ಕನ ಕೈ ನಿಂತಿತು.

“ನಾ ಸೋತಿದ್ದರ ಅಪ್ಪ ಒಬ್ಬರ ಇರ್ತಿರಲಿಲ್ಲ,” ಅಂದಳು. “ಬ್ಯಾಸಿಗಿಗೇ ನಾವೆಲ್ಲಾ ಇಲ್ಲಿಗೆ ಬಂದಿರ್ತಿದ್ವಿ.”

ಇಷ್ಟು ವರ್ಷ ಇವಳು ಇದನ್ನು ಒಳಗಿಟ್ಟುಕೊಂಡು ಬ್ಯಾಂಕಿಗೆ ಹೋಗಿ ಬಂದಳೇ, ಮದುವೆಯಾದಳೇ, ಮಕ್ಕಳನ್ನು ಹೆತ್ತಳೇ ಎಂದು ನಾನು ಅವಳನ್ನೇ ನೋಡಿದೆ. ಅವ್ವ ಅಕ್ಕನ ಕಡೆ ಮುಖ ಹೊರಳಿಸಿದಳು. ಆಮೇಲೆ, ಮಗಳ ಎದೆಯ ಮೇಲಿನ ಕಲ್ಲನ್ನು ಎತ್ತಿ ಪಕ್ಕಕ್ಕಿಡುವವಳ ಹಾಗೆ, ನಿಧಾನವಾಗಿ ಹೇಳಿದಳು.

“ಅವರ ಆಯುಷ್ಯ ಅಷ್ಟ ಇತ್ತವಾ. ನೀ ಸೋತಿದ್ದರ ಮನ್ಯಾಗ ಹೋಗ್ತಿದ್ದರು, ನಮ್ಮೆಲ್ಲಾರ ಮುಂದ. ಅಷ್ಟ ಫರಕ.”

“ಅದ ಬೇಕಾಗಿತ್ತವ್ವಾ ನನಗ,” ಅಂದಳು ಅಕ್ಕ.

ಅವ್ವ ಕೈ ಚಾಚಿದಳು, ಅಕ್ಕ ಆ ಕೈಯನ್ನು ಹಿಡಿದುಕೊಂಡು ಕೆನ್ನೆಗೆ ಒತ್ತಿಕೊಂಡಳು. ಮಳೆ ನಿಲ್ಲುವ ಮೊದಲೇ ಅವ್ವನೂ ಹೋದಳು. ನಾವಿಬ್ಬರೂ ಪಕ್ಕದಲ್ಲಿದ್ದೆವು.

ಈಗ ಅಕ್ಕ ಅದೇ ಬ್ಯಾಂಕಿನಲ್ಲಿ ಅಧಿಕಾರಿ. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಧಾರವಾಡದ ಕನ್ನಡ ನಮ್ಮಿಬ್ಬರ ಫೋನಿನ ಮಾತಿಗಷ್ಟೇ ಉಳಿದಿದೆ. ಅವಳ ಮಕ್ಕಳು ನನ್ನನ್ನು ಚಿಕ್ಕಮ್ಮ ಅನ್ನದೆ ಪಿನ್ನಿ ಎಂದು ಕರೆಯುತ್ತಾರೆ, ತೆಲುಗಿನಲ್ಲೇ ನಗುತ್ತಾರೆ, ತೆಲುಗಿನಲ್ಲೇ ಜಗಳವಾಡುತ್ತಾರೆ. ತಮ್ಮ ತಾಯಿ ಒಂದು ಕಾಲಕ್ಕೆ ಹಾಗೆ ಓಡಿದ್ದಳು, ಮೂವರು ಹಿಡಿಯಲು ಬಂದರೂ ನಿಲ್ಲಲಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ. ಮಕ್ಕಳಿಗೆ ಹೇಳಬೇಡ ಅಂದಿದ್ದಾಳೆ ಅಕ್ಕ. ನಾನು ಅವರಿಗೆ ಹೇಳಿಲ್ಲ. ನಿಮ್ಮೆದುರು ಹೇಳಿಕೊಂಡೆ.